ಫ್ಲ್ಯಾಟಿನ ಮಾಡೆಲ್ ರೈಲಿಗೆ ಎರಡನೇ ಅಂತಸ್ತು: ಕೆಳಗಿನ ರೈಲನ್ನು ಮೇಲೆ ಹತ್ತಿಸುವುದು ಹೇಗೆ

ಮುಂಬೈಯಲ್ಲಿ ಮಾಡೆಲ್ ರೈಲು ಇಟ್ಟುಕೊಂಡವರಿಗೆ ಜಾಗದ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಡೊಂಬಿವಲಿಯ ಒನ್ ಬಿಎಚ್‌ಕೆ ಆಗಲಿ, ಮುಲುಂಡಿನ ಟೂ ಬಿಎಚ್‌ಕೆ ಆಗಲಿ, ರೈಲಿಗೆ ಸಿಗುವುದು ಒಂದು ಗೋಡೆ, ಹೆಚ್ಚೆಂದರೆ ಒಂದು ಚಿಕ್ಕ ಕೋಣೆ. ಅಗಲಕ್ಕೆ ಜಾಗ ಇಲ್ಲ ಅಂದಾಗ ಕಣ್ಣು ಮೇಲಕ್ಕೆ ಹೋಗುತ್ತದೆ. ಕೆಳಗೊಂದು ಹಲಗೆ, ಮೇಲೊಂದು ಹಲಗೆ, ಲೇಔಟ್ (ಹಳಿ ಹಾಸಿದ ಇಡೀ ಏರ್ಪಾಡು) ಎರಡು ಪಟ್ಟು. ಆದರೆ ಕೆಳಗಿನ ರೈಲು ಮೇಲಕ್ಕೆ ಹೋಗುವ ದಾರಿಯನ್ನು ಮೊದಲು ತೀರ್ಮಾನ ಮಾಡದೆ ಹಲಗೆ ಹೊಡೆದುಬಿಟ್ಟರೆ ಆಮೇಲೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ.

ಹೆಚ್ಚಿನವರು ತಕ್ಷಣ ಹೀಲಿಕ್ಸ್ ಅನ್ನುತ್ತಾರೆ. ಅಂದರೆ ಸುರುಳಿಯಾಗಿ ಸುತ್ತುತ್ತಾ ಏರುವ ಹಳಿ. ನೋಡಲು ಚೆಂದ, ರೈಲಿಗೆ ಕೈ ಹಚ್ಚುವ ಕೆಲಸವೂ ಇಲ್ಲ. ಆದರೆ ನನ್ನ ಅಭಿಪ್ರಾಯ ಸ್ಪಷ್ಟ: ಫ್ಲ್ಯಾಟಿನಲ್ಲಿ ಎಚ್‌ಓ ಸ್ಕೇಲ್ (ನಿಜವಾದ ರೈಲಿನ 87ರಲ್ಲಿ ಒಂದು ಪಾಲು ಗಾತ್ರ) ಓಡಿಸುವವರಿಗೆ ಹೀಲಿಕ್ಸ್ ಕೊನೆಯ ಆಯ್ಕೆ ಆಗಿರಲಿ. ಅದಕ್ಕಿಂತ ಚಿಕ್ಕದಾದ ಎನ್ ಸ್ಕೇಲ್ (160ರಲ್ಲಿ ಒಂದು ಪಾಲು) ಆದರೆ ಧೈರ್ಯವಾಗಿ ಕಟ್ಟಿ. ಯಾಕೆ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಮೊದಲು ಏರಿನ ಲೆಕ್ಕ. 100 ಸೆಂ.ಮೀ. ಮುಂದೆ ಹೋಗುವಷ್ಟರಲ್ಲಿ ಹಳಿ 2 ಸೆಂ.ಮೀ. ಏರಿದರೆ ಅದು ಶೇ. 2ರ ಏರು. ರೈಲ್ವೆಯವರ ಭಾಷೆಯಲ್ಲಿ 50ಕ್ಕೆ 1. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಾಟಿ ಇದೇ 50ಕ್ಕೆ 1. ಕರ್ಜತ್‌ನಿಂದ ಲೋನಾವಳಕ್ಕೆ ಹತ್ತುವ ಬೋರ್ ಘಾಟ್ 37ಕ್ಕೆ 1, ಅಂದರೆ ಸುಮಾರು ಶೇ. 2.7. ಗೋವಾದ ಕುಳೆಂನಿಂದ ದೂಧ್‌ಸಾಗರ್ ದಾಟಿ ಕ್ಯಾಸಲ್‌ರಾಕ್‌ಗೆ ಹೋಗುವ ಘಾಟಿಯೂ ಅಷ್ಟೇ ಕಡಿದು. ಇಷ್ಟಕ್ಕೇ ನಿಜವಾದ ರೈಲುಗಳಿಗೆ ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ ಬೇಕಾಗುತ್ತದೆ. ಕರ್ಜತ್ ಸ್ಟೇಷನ್ನಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಬ್ಯಾಂಕರ್ ಜೋಡಿಸುವುದನ್ನು ಕಣ್ಣಾರೆ ನೋಡಬಹುದು. ನೇರಳ್–ಮಾಥೇರಾನ್ ಪುಟ್ಟ ರೈಲು ಶೇ. 5ರ ಏರು ಹತ್ತುತ್ತದೆ ನಿಜ, ಆದರೆ ಅದರ ಹಿಂದೆ ಇರುವುದು ನಾಲ್ಕಾರು ಚಿಕ್ಕ ಡಬ್ಬಿ. ನಿಮ್ಮ ಲೇಔಟಿಗೂ ಇದೇ ಮಾತು. ಏರು ಎಷ್ಟಿರಬಹುದು ಅನ್ನುವುದು ನಿಮ್ಮ ರೈಲು ಎಷ್ಟು ಉದ್ದ ಅನ್ನುವುದರ ಮೇಲೆ ನಿಂತಿದೆ. ಶೇ. 2 ಆರಾಮ, ಶೇ. 2.5 ನಡೆಯುತ್ತದೆ, ಶೇ. 3 ದಾಟಿದರೆ ಬೋಗಿ ಕಡಿಮೆ ಮಾಡಿ.

ಇದರ ಜೊತೆ ತಿರುವು ಸೇರಿಕೊಂಡರೆ ಏರು ಇನ್ನೂ ಜಾಸ್ತಿಯಾದಂತೆ. ತಿರುವಿನಲ್ಲಿ ಚಕ್ರದ ಅಂಚು ಹಳಿಗೆ ಉಜ್ಜುತ್ತದೆ, ಎಂಜಿನ್ ಅದನ್ನೂ ಎಳೆಯಬೇಕು. ಎಚ್‌ಓಗೆ ಒಂದು ಅಂದಾಜು ಲೆಕ್ಕ ಇದೆ: 81ನ್ನು ತಿರುವಿನ ತ್ರಿಜ್ಯದಿಂದ ಭಾಗಿಸಿ, ತ್ರಿಜ್ಯ ಸೆಂಟಿಮೀಟರಿನಲ್ಲಿರಲಿ, ಬಂದದ್ದನ್ನು ಏರಿನ ಶೇಕಡಾಕ್ಕೆ ಕೂಡಿಸಿ. ತ್ರಿಜ್ಯ 65 ಸೆಂ.ಮೀ. ಇದ್ದರೆ ಸುಮಾರು 1.25 ಬರುತ್ತದೆ. ಅಂದರೆ ಶೇ. 2.3ರ ಹೀಲಿಕ್ಸ್ ಎಂಜಿನ್ನಿನ ಪಾಲಿಗೆ ಶೇ. 3.6ರ ಏರು.

ಈಗ ಮಾಡಬೇಕಾದ ಕೆಲಸ ಒಂದು ಹಲಗೆ ಪರೀಕ್ಷೆ. ಇದನ್ನು ದಯವಿಟ್ಟು ಬಿಡಬೇಡಿ. ಎಂಟು ಅಡಿ ಉದ್ದದ ಪ್ಲೈವುಡ್ ಪಟ್ಟಿ ತೆಗೆದುಕೊಳ್ಳಿ, ಅದು 244 ಸೆಂ.ಮೀ. ಇರುತ್ತದೆ. ಮೇಲೆ ನೇರ ಹಳಿ ಹಾಕಿ, ಎರಡು ವೈರು ಜೋಡಿಸಿ. ಒಂದು ತುದಿಗೆ ಪುಸ್ತಕ ಇಟ್ಟು ಎತ್ತರಿಸಿ. 6 ಸೆಂ.ಮೀ. ಎತ್ತಿದರೆ ಸುಮಾರು ಶೇ. 2.5, 8.8 ಸೆಂ.ಮೀ. ಎತ್ತಿದರೆ ಶೇ. 3.6. ನೀವು ನಿಜವಾಗಿ ಓಡಿಸುವ ಎಂಜಿನ್ನಿಗೆ ನಿಜವಾಗಿ ಓಡಿಸುವ ಬೋಗಿಗಳನ್ನೇ ಕಟ್ಟಿ, ಹಲಗೆ ಮಧ್ಯದಲ್ಲಿ ನಿಲ್ಲಿಸಿ, ಮತ್ತೆ ಹೊರಡಿಸಿ. ನಿಂತಲ್ಲಿಂದ ಚಕ್ರ ಜಾರದೆ ಹೊರಟರೆ ಪಾಸು. ಓಡಿಬಂದ ರಭಸದಲ್ಲಿ ಹತ್ತಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಯಾಕೆಂದರೆ ಹೀಲಿಕ್ಸ್ ಒಳಗೆ ರೈಲು ಯಾವತ್ತೋ ಒಂದು ದಿನ ನಿಂತೇ ನಿಲ್ಲುತ್ತದೆ. ಬೋಗಿಯ ತೂಕವನ್ನೂ ಈಗಲೇ ನೋಡಿಬಿಡಿ. ಅಮೆರಿಕದ ಮಾಡೆಲ್ ರೈಲು ಸಂಘ ಎನ್‌ಎಂಆರ್‌ಎ ಶಿಫಾರಸಿನ ಪ್ರಕಾರ ಎಚ್‌ಓದಲ್ಲಿ 25 ಸೆಂ.ಮೀ. ಉದ್ದದ ಬೋಗಿ ಸುಮಾರು 170 ಗ್ರಾಂ ಇರಬೇಕು. ತೀರಾ ಹಗುರ ಬೋಗಿ ಏರು ತಿರುವಿನಲ್ಲಿ ಒಳಬದಿಗೆ ಎಳೆದು ಮಗುಚುತ್ತದೆ. ಎಲ್ಲಕ್ಕಿಂತ ಹಗುರವಾದದ್ದು ಎಂಜಿನ್ ಪಕ್ಕದಲ್ಲೇ ಇದ್ದರಂತೂ ಕೇಳುವುದೇ ಬೇಡ.

ಈ ಪರೀಕ್ಷೆಯ ಫಲ ಕೈಯಲ್ಲಿದ್ದರೆ ಉಳಿದದ್ದು ಸುಲಭ.

ಹೀಲಿಕ್ಸ್‌ನ ಅಳತೆಗೆ ಬರೋಣ. ಚೆನ್ನೈಯ ಐಸಿಎಫ್ ಕಾರ್ಖಾನೆಯ ನಮ್ಮ ಪ್ರಯಾಣಿಕರ ಬೋಗಿಯ ಎಚ್‌ಓ ಮಾಡೆಲ್ ಸುಮಾರು 25 ಸೆಂ.ಮೀ. ಉದ್ದ. ತಿರುವಿನ ತ್ರಿಜ್ಯ ಬೋಗಿಯ ಉದ್ದದ ಎರಡೂವರೆ ಪಟ್ಟಿಗಿಂತ ಕಡಿಮೆ ಬೇಡ, ಮೂರು ಪಟ್ಟು ಸಿಕ್ಕರೆ ಇನ್ನೂ ಒಳ್ಳೆಯದು. ಹಾಗಾಗಿ 65 ಸೆಂ.ಮೀ. ಹಿಡಿಯೋಣ. ಒಂದು ಸುತ್ತಿನ ಉದ್ದ ಸುಮಾರು 408 ಸೆಂ.ಮೀ. ಒಂದು ಸುತ್ತಿನ ಹಳಿಗೂ ಅದರ ಮೇಲಿನ ಸುತ್ತಿನ ಹಳಿಗೂ ನಡುವೆ ಬೇಕಾದ ಎತ್ತರ ಎಷ್ಟು? ರೈಲು ಹಾಯಲು 75 ಮಿ.ಮೀ., ಪ್ಲೈ 9 ಮಿ.ಮೀ., ಹಳಿ ಮತ್ತು ಸ್ಲೀಪರ್ 5 ಮಿ.ಮೀ., ಸ್ವಲ್ಪ ಕೈಬಿಡುವು. ಒಟ್ಟು 95 ಮಿ.ಮೀ. ಇಟ್ಟುಕೊಳ್ಳಿ. 9.5ನ್ನು 408ರಿಂದ ಭಾಗಿಸಿದರೆ ಮೇಲೆ ಹೇಳಿದ ಶೇ. 2.3 ಬಂತು. ಎರಡು ಅಂತಸ್ತಿನ ನಡುವೆ 40 ಸೆಂ.ಮೀ. ಇದ್ದರೆ ನಾಲ್ಕು ಸುತ್ತು ಮತ್ತು ಸ್ವಲ್ಪ, ಹಳಿ ಸುಮಾರು 17 ಮೀಟರ್. ನೆಲದ ಮೇಲೆ ಅದು ಹಿಡಿಯುವ ಜಾಗ 140 ಸೆಂ.ಮೀ. ಚೌಕ. ಹತ್ತಡಿ ಕೋಣೆಯಲ್ಲಿ ಇದು ಒಂದು ಮೂಲೆ ಪೂರ್ತಿ ನುಂಗುತ್ತದೆ. ಗಂಟೆಗೆ 50 ಕಿ.ಮೀ. ವೇಗಕ್ಕೆ ಸಮನಾಗಿ ಓಡುವ ರೈಲು ಆ ಸುರುಳಿಯಿಂದ ಹೊರಬರಲು ಹತ್ತಿರ ಹತ್ತಿರ ಎರಡು ನಿಮಿಷ ಬೇಕು. ಅಷ್ಟು ಹೊತ್ತು ಅದು ನಿಮ್ಮ ಕಣ್ಣಿಗೆ ಕಾಣುವುದಿಲ್ಲ.

ಎನ್ ಸ್ಕೇಲಿನಲ್ಲಿ ಇದೇ ಬೋಗಿ 14 ಸೆಂ.ಮೀ. ತ್ರಿಜ್ಯ 35 ಸಾಕು. ಸುತ್ತಿನಿಂದ ಸುತ್ತಿಗೆ 55 ಮಿ.ಮೀ. ಇಟ್ಟರೆ ಏರು ಶೇ. 2.5. ಜಾಗ 80 ಸೆಂ.ಮೀ. ಚೌಕದೊಳಗೆ ಮುಗಿಯುತ್ತದೆ, ಸುಮಾರು ಒಂದು ವಾಷಿಂಗ್ ಮೆಷಿನ್ನಿಗೆ ಬಿಡುವ ಜಾಗ. ಅದಕ್ಕೇ ಎನ್ ಆದರೆ ಕಟ್ಟಿ ಅಂದದ್ದು.

ಕಟ್ಟುವಾಗ ಪ್ಲೈಯನ್ನು ಒಂದೇ ದಪ್ಪದ ತುಂಡುಗಳಾಗಿ ಕತ್ತರಿಸಿ ಕೆಳಗೆ ಪಟ್ಟಿ ಹೊಡೆದು ಸೇರಿಸುವುದು ಸುಲಭ ಅನ್ನಿಸುತ್ತದೆ, ಆದರೆ ಆ ಪಟ್ಟಿಯ ದಪ್ಪ ಕೆಳಗಿನ ಸುತ್ತಿನ ರೈಲಿನ ತಲೆಗೆ ಬರುತ್ತದೆ. ಅದರ ಬದಲು 4 ಮಿ.ಮೀ. ಪ್ಲೈ ಎರಡು ಪದರ ಮಾಡಿ, ಫೆವಿಕಾಲ್ ಹಾಕಿ ಅಂಟಿಸಿ. ಮೇಲಿನ ಪದರದ ಕೀಲು ಕೆಳಗಿನ ಪದರದ ತುಂಡಿನ ನಡುಮಧ್ಯಕ್ಕೆ ಬರಲಿ. ಎನ್‌ಗೆ 3 ಮಿ.ಮೀ. ಎರಡು ಪದರ ಸಾಕು. ಕೀಲೂ ಕಾಣುವುದಿಲ್ಲ, ಹಳಿಯಲ್ಲಿ ಉಬ್ಬೂ ಬರುವುದಿಲ್ಲ.

ಆಧಾರಕ್ಕೆ ಥ್ರೆಡ್ ರಾಡ್ ಬಿಟ್ಟು ಬೇರೆ ಯಾವುದೂ ಬೇಡ. ಸುತ್ತಿಗೆ ಎಂಟು ಕಡೆ, ಒಳಗೊಂದು ಹೊರಗೊಂದು ರಾಡ್ ನಿಲ್ಲಿಸಿ, ಪ್ರತಿ ಸುತ್ತಿನ ಕೆಳಗೂ ಮೇಲೂ ನಟ್ಟು ವಾಷರ್. ಸ್ಪ್ಯಾನರ್ ಅರ್ಧ ತಿರುಗಿಸಿದರೆ ಹಳಿ ಅರ್ಧ ಮಿಲಿಮೀಟರಿನಷ್ಟು ಏರುತ್ತದೆ ಅಥವಾ ಇಳಿಯುತ್ತದೆ. ಇಷ್ಟು ನಾಜೂಕು ಮರದ ತುಂಡಿನಲ್ಲಿ ಸಿಗುವುದಿಲ್ಲ. ಮುಂಬೈಯ ನಾಗದೇವಿ ಸ್ಟ್ರೀಟ್‌ನಲ್ಲಿ ರಾಡು, ನಟ್ಟು, ವಾಷರ್ ಎಲ್ಲ ಒಂದೇ ಕಡೆ ಸಿಗುತ್ತದೆ, ನಟ್ಟು ಬಿಡಿಬಿಡಿಯಾಗಿ ಕೊಳ್ಳದೆ ತೂಕದಲ್ಲಿ ಕೇಳಿ. ಪುಣೆಯವರಿಗೆ ರವಿವಾರ ಪೇಠೆಯ ಬೋಹ್ರಿ ಆಳಿ ಇದೆ.

ಏರು ಸಮನಾಗಿದೆಯೋ ಇಲ್ಲವೋ ನೋಡಲು ಒಂದು ಸುಲಭ ಉಪಾಯ. ನೇರ ಏರಿಗೆ ಒಂದು ಮೀಟರ್ ಉದ್ದದ ರಸಮಟ್ಟ ತೆಗೆದುಕೊಂಡು, ಒಂದು ತುದಿಯ ಅಡಿಗೆ 25 ಮಿ.ಮೀ. ದಪ್ಪದ ಮರದ ತುಂಡು ಅಂಟಿಸಿ. ಆ ತುದಿಯನ್ನು ಇಳಿಜಾರಿನ ಕಡೆಗಿಟ್ಟು ಹಳಿಯ ಮೇಲೆ ಕೂರಿಸಿ. ಗುಳ್ಳೆ ನಡುವೆ ನಿಂತರೆ ಏರು ಸರಿಯಾಗಿ ಶೇ. 2.5. ತಿರುವಿನಲ್ಲಿ ಮೀಟರ್ ಉದ್ದದ ರಸಮಟ್ಟ ಹಳಿ ಬಿಟ್ಟು ಹೊರಗೆ ಹೋಗುತ್ತದೆ. ಅಲ್ಲಿ 20 ಸೆಂ.ಮೀ. ರಸಮಟ್ಟಕ್ಕೆ 5 ಮಿ.ಮೀ. ತುಂಡು ಹಾಕಿಕೊಳ್ಳಿ, ಲೆಕ್ಕ ಅದೇ.

ಏರು ಶುರುವಾಗುವ ಜಾಗ ಮತ್ತು ಮುಗಿಯುವ ಜಾಗ, ಎಲ್ಲ ಗಲಾಟೆ ಆಗುವುದು ಇಲ್ಲೇ. ಸಮತಟ್ಟಾದ ಹಳಿ ಒಂದೇ ಸಲಕ್ಕೆ ಶೇ. 2.5ಕ್ಕೆ ಮುರಿದರೆ ಉದ್ದ ಎಂಜಿನ್ನಿನ ಮೂತಿ ಸ್ಲೀಪರಿಗೆ ತಾಗುತ್ತದೆ, ಮೇಲಿನ ತುದಿಯಲ್ಲಿ ಒಂದು ಬೋಗಿಯ ಕಪ್ಲಿಂಗ್ ಮೇಲೆದ್ದು ಇನ್ನೊಂದರದು ಕೆಳಗೆ ಜಾರಿ ರೈಲು ಎರಡಾಗುತ್ತದೆ, ಹಿಂದಿನ ಅರ್ಧ ಸುರುಳಿಯುದ್ದಕ್ಕೂ ಹಿಂದಕ್ಕೆ ಉರುಳುತ್ತದೆ. ಹಾಗಾಗಿ ಕನಿಷ್ಠ ಎರಡು ಬೋಗಿಯುದ್ದ ಬಿಟ್ಟು ನಿಧಾನವಾಗಿ ಏರಿಸಿ: ಮೊದಲು ಅರ್ಧ ಶೇಕಡಾ, ಆಮೇಲೆ ಒಂದು, ಒಂದೂವರೆ, ಹೀಗೆ. ಪ್ಲೈ ಹಲಗೆಯನ್ನು ಅಲ್ಲಿ ತುಂಡು ಮಾಡದೆ ಒಂದೇ ಪಟ್ಟಿಯಾಗಿ ಬಿಟ್ಟರೆ ಅದು ತಾನಾಗಿಯೇ ಬೇಕಾದ ಬಾಗು ತೆಗೆದುಕೊಳ್ಳುತ್ತದೆ. ಆ ಬಾಗಿನ ಮೇಲೆ ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ಹಾಕಬೇಡಿ. ಏರಿನ ಮೇಲೆ ಸ್ಟೇಷನ್ನೂ ಬೇಡ, ಬೋಗಿ ಬಿಚ್ಚುವ ಜಾಗವೂ ಬೇಡ. ಬೋರ್ ಘಾಟಿನಲ್ಲಿ ಹಿಡಿತ ತಪ್ಪಿ ಓಡಿಬರುವ ರೈಲನ್ನು ಹಿಡಿಯಲು ಕ್ಯಾಚ್ ಸೈಡಿಂಗ್‌ಗಳಿವೆ. ನಿಮ್ಮಲ್ಲಿ ಅದಿಲ್ಲದಿದ್ದರೆ ಸುತ್ತಿನ ಹೊರ ಅಂಚಿಗೆ 4 ಸೆಂ.ಮೀ. ಎತ್ತರದ ಅಕ್ರಿಲಿಕ್ ಪಟ್ಟಿಯನ್ನಾದರೂ ಹೊಡೆಯಿರಿ.

ವೈರಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ರತಿ ಸುತ್ತಿಗೂ ಬೇರೆ ಫೀಡರ್ (ಹಳಿಗೆ ಕರೆಂಟ್ ತರುವ ವೈರು) ಕೊಡಿ, ಅದನ್ನು 1.5 ಚದರ ಮಿ.ಮೀ. ತಂತಿಯ ಮುಖ್ಯ ಲೈನಿಗೆ ಸೇರಿಸಿ. ಹಳಿಯ ಜಾಯಿನರ್ ನಂಬಿ ಕುಳಿತರೆ ಮೇಲಿನ ಸುತ್ತಿಗೆ ಹೋಗುವಷ್ಟರಲ್ಲಿ ವೋಲ್ಟೇಜ್ ಇಳಿದಿರುತ್ತದೆ. ಎಂಜಿನ್ನಿಗೆ ಶಕ್ತಿ ಸಾಲದು ಅಂತ ಅನ್ನಿಸುವುದು ಎಷ್ಟೋ ಸಲ ಇದೇ ಕಾರಣಕ್ಕೆ.

ಗೋಡೆಗುಂಟ ಏರುವ ಹಳಿ ಎರಡನೇ ದಾರಿ. ಸುರುಳಿ ಬೇಡ, ಕೋಣೆಯ ಸುತ್ತಲೂ ಹಳಿ ಹೋಗುತ್ತಾ ಹೋಗುತ್ತಾ ಏರಲಿ. 10ಕ್ಕೆ 12 ಅಡಿ ಕೋಣೆಯ ಸುತ್ತಳತೆ 13 ಮೀಟರಿಗಿಂತ ಸ್ವಲ್ಪ ಜಾಸ್ತಿ. ಬಾಗಿಲು, ಕಪಾಟು ಕಳೆದು 10 ಮೀಟರ್ ಸಿಕ್ಕಿತು ಅಂದುಕೊಳ್ಳಿ. ಶೇ. 2.5ರಲ್ಲಿ 25 ಸೆಂ.ಮೀ. ಏರಬಹುದು. ಎರಡು ಕಡೆಯೂ ಊರು, ಬೆಟ್ಟ, ಸ್ಟೇಷನ್ ಇರುವ ಅಂತಸ್ತುಗಳಿಗೆ ಇದು ಸಾಲದು, ಆದರೆ ಕೆಳಗಿನದು ರೈಲು ನಿಲ್ಲಿಸಿಡುವ ಯಾರ್ಡ್ ಮಾತ್ರ ಆಗಿದ್ದರೆ ಧಾರಾಳ ಸಾಕು, ಕೈ ಒಳಗೆ ಹೋಗುತ್ತದೆ. ಇದರಲ್ಲಿ ನನಗೆ ತುಂಬ ಇಷ್ಟವಾಗುವುದು ಏನೆಂದರೆ ರೈಲು ಏರುವುದು ಉದ್ದಕ್ಕೂ ಕಣ್ಣಿಗೆ ಕಾಣುತ್ತದೆ. ಮುಂದೊಂದು ಎಂಜಿನ್, ಹಿಂದೊಂದು ಬ್ಯಾಂಕರ್ ಕಟ್ಟಿ ಕರ್ಜತ್–ಖಂಡಾಳ ಮಾಡಿಬಿಡಬಹುದು. ಎರಡೂ ಎಂಜಿನ್ ಒಂದೇ ವೇಗಕ್ಕೆ ಓಡುವುದನ್ನು ಮೊದಲು ಬೇರೆಬೇರೆಯಾಗಿ ಓಡಿಸಿ ನೋಡಿ. ಡಿಸಿಸಿ (ಪ್ರತಿ ಎಂಜಿನ್ನನ್ನೂ ಬೇರೆಬೇರೆಯಾಗಿ ನಡೆಸುವ ಡಿಜಿಟಲ್ ವ್ಯವಸ್ಥೆ) ಇದ್ದರೆ ಎಂಜಿನ್ನಿನೊಳಗಿನ ಡಿಕೋಡರಿನಲ್ಲಿ ವೇಗ ಹೊಂದಿಸಿಕೊಳ್ಳಿ. ಹಿಂದಿನದು ಜೋರಾದರೆ ನಡುವಿನ ಬೋಗಿ ಹಾರುತ್ತದೆ.

ಬಾಡಿಗೆ ಮನೆಯವರು ಗೋಡೆ ಕೊರೆಯುವ ಹಾಗಿಲ್ಲ ಅಲ್ವಾ. ಸ್ಲಾಟೆಡ್ ಆಂಗಲ್ ಕಬ್ಬಿಣದ ರ‍್ಯಾಕ್ ತಂದು ಅದರ ಮೇಲೆ ಕಟ್ಟಿ. ತೂತುಗಳು ಸಾಲಾಗಿ ಇರುವುದರಿಂದ ಹಲಗೆಯ ಎತ್ತರ ಬೇಕಾದಂತೆ ಬದಲಿಸಬಹುದು, ಮನೆ ಬದಲಿಸಿದಾಗ ಬಿಚ್ಚಿ ಒಯ್ಯಬಹುದು.

ಒಂದೇ ಒಂದು ಗೋಡೆ ಇರುವವರು ಬೋರ್ ಘಾಟಿನ ಹಳೆಯ ಉಪಾಯ ನೋಡಬೇಕು. 1863ರಲ್ಲಿ ಆ ಘಾಟಿ ತೆರೆದಾಗ ಅಲ್ಲಿ ರಿವರ್ಸಿಂಗ್ ಸ್ಟೇಷನ್ ಇತ್ತು. ರೈಲು ಒಂದು ದಿಕ್ಕಿನಲ್ಲಿ ಹತ್ತಿ, ನಿಂತು, ಎಂಜಿನ್ ಆ ತುದಿಯಿಂದ ಈ ತುದಿಗೆ ಬಂದು, ವಿರುದ್ಧ ದಿಕ್ಕಿನಲ್ಲಿ ಮತ್ತೆ ಹತ್ತುತ್ತಿತ್ತು. 1929ರಲ್ಲಿ ಹೊಸ ದಾರಿ ಬಂದ ಮೇಲೆ ಅದು ನಿಂತಿತು. ನಿಮ್ಮ ಹಲಗೆಯ ಮೇಲೆ ಇದನ್ನು ಮಾಡಲು 30 ಸೆಂ.ಮೀ. ಅಗಲ ಸಾಕು. ಒಂದೇ ನಿಬಂಧನೆ: ತಿರುಗುವ ತುದಿಯ ಸಮತಟ್ಟು ಹಳಿ ನಿಮ್ಮ ಇಡೀ ರೈಲಿಗಿಂತ ಉದ್ದ ಇರಬೇಕು.

ಈಗ ಎಚ್‌ಓದವರಿಗೆ ನಾನು ಹೇಳುವ ದಾರಿ, ಲಿಫ್ಟ್. ರೈಲು ಒಂದು ಹಲಗೆಯ ಮೇಲೆ ಬಂದು ನಿಲ್ಲುತ್ತದೆ, ಹಲಗೆಯೇ ಮೇಲೆ ಹೋಗುತ್ತದೆ. ಎಂಜಿನ್ ಮತ್ತು ಐದು ಬೋಗಿ ಅಂದರೆ ಒಂದೂವರೆ ಮೀಟರ್, ಹಲಗೆ 160 ಸೆಂ.ಮೀ. ಇರಲಿ, ಅಗಲ 10 ಸೆಂ.ಮೀ. ಗೋಡೆಗೆ ಒತ್ತಿ ಕೂರುತ್ತದೆ, 140 ಸೆಂ.ಮೀ. ಚೌಕದ ಸುರುಳಿಯ ಮುಂದೆ ಇದು ಏನೂ ಅಲ್ಲ. ಏರಿನ ಲೆಕ್ಕವೂ ಇಲ್ಲ, ಚಕ್ರ ಜಾರುವ ಚಿಂತೆಯೂ ಇಲ್ಲ.

ಹಲಗೆ ನೇರವಾಗಿ ಏರಿಳಿಯಲು ಅಡುಗೆಮನೆ ಡ್ರಾಯರಿಗೆ ಹಾಕುವ ಬಾಲ್‌ಬೇರಿಂಗ್ ಚಾನೆಲ್ ಎರಡನ್ನು ನಿಲ್ಲಿಸಿ ಹೊಡೆಯಿರಿ. 45 ಸೆಂ.ಮೀ. ಚಾನೆಲ್ 40 ಸೆಂ.ಮೀ. ಏರಿಗೆ ಸಾಕಾಗುತ್ತದೆ. ತೀರ ತುದಿಗೆ ಹಾಕದೆ ಸ್ವಲ್ಪ ಒಳಗೆ ಹಾಕಿದರೆ ಹಲಗೆ ನಡುವೆ ಜಗ್ಗುವುದಿಲ್ಲ. ಎತ್ತುವುದಕ್ಕೆ ಎರಡು ಬಗೆಯ ಸ್ಕ್ರೂ ಇದೆ. ಸಾಮಾನ್ಯ 8 ಮಿ.ಮೀ. ಥ್ರೆಡ್ ರಾಡ್ ಒಂದು ಸುತ್ತಿಗೆ 1.25 ಮಿ.ಮೀ. ಏರಿಸುತ್ತದೆ. 40 ಸೆಂ.ಮೀ.ಗೆ 320 ಸುತ್ತು. ನಿಮಿಷಕ್ಕೆ 100 ಸುತ್ತಿನ ಗೇರ್ ಮೋಟಾರಿನಲ್ಲಿ ಮೂರು ನಿಮಿಷಕ್ಕೂ ಮೇಲೆ ಕಾಯಬೇಕು, ಆದರೆ ಕರೆಂಟ್ ಹೋದರೂ ಹಲಗೆ ಇದ್ದಲ್ಲೇ ಇರುತ್ತದೆ. 3ಡಿ ಪ್ರಿಂಟರಿನಲ್ಲಿ ಬರುವ ಟಿ8 ಲೀಡ್ ಸ್ಕ್ರೂ ಒಂದು ಸುತ್ತಿಗೆ 8 ಮಿ.ಮೀ. ಏರಿಸುತ್ತದೆ, ಅರ್ಧ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಆದರೆ ಭಾರ ಇದ್ದಾಗ ಅದು ತಾನಾಗಿ ಹಿಂದಕ್ಕೆ ತಿರುಗಬಹುದು. ಅದಕ್ಕೆ ಒಂದು ರಾಟೆ ಹಾಕಿ, ಆ ಕಡೆ ಹಲಗೆ ಮತ್ತು ಅರ್ಧ ರೈಲಿನ ತೂಕದಷ್ಟು ಕಬ್ಬಿಣ ತೂಗುಹಾಕಿ. ಎರಡು ಸ್ಕ್ರೂ ಇದ್ದರೆ ಎರಡನ್ನೂ ಒಂದೇ ಟೈಮಿಂಗ್ ಬೆಲ್ಟಿನಿಂದ ತಿರುಗಿಸಿ. ಮೋಟಾರ್, ಲೀಡ್ ಸ್ಕ್ರೂ, ಹಲಗೆ ತುದಿ ಮುಟ್ಟಿದಾಗ ಮೋಟಾರ್ ನಿಲ್ಲಿಸುವ ಲಿಮಿಟ್ ಸ್ವಿಚ್‌ಗೆ ಮುಂಬೈಯ ಲ್ಯಾಮಿಂಗ್ಟನ್ ರೋಡ್ ಇದ್ದೇ ಇದೆ.

ಹಳಿಗೆ ಹಳಿ ಕೂಡುವ ಜಾಗದಲ್ಲಿ ಹಿತ್ತಾಳೆಯ ಟವರ್ ಬೋಲ್ಟ್ ಹಾಕಿ, ಕಿಟಕಿಗೆ ಹಾಕುವ ಚಿಕ್ಕದು. ಬೋಲ್ಟು ಲಿಫ್ಟಿನ ಮೇಲೆ, ಅದು ಹೋಗಿ ಕೂರುವ ಬಳೆ ಗಟ್ಟಿ ಹಲಗೆಯ ಮೇಲೆ. ಒಂದೊಂದು ಹಳಿಗೆ ಒಂದೊಂದು, ಒಂದಕ್ಕೊಂದು ತಾಗದಂತೆ. ಹಿಂದೆ ವೈರು ಬೆಸುಗೆ ಹಾಕಿ. ಬೋಲ್ಟು ಒಳಗೆ ಹೋದರೆ ಹಳಿ ನೇರ ನಿಂತಿತು ಅಂತ, ಅದೇ ಬೋಲ್ಟಿನಿಂದ ಲಿಫ್ಟಿನ ಹಳಿಗೆ ಕರೆಂಟೂ ಹೋಯಿತು. ಇನ್ನೊಂದು ಮುಖ್ಯ ಕೆಲಸ ಇದರಲ್ಲೇ ಆಗುತ್ತದೆ: ಲಿಫ್ಟಿಗೆ ಬರುವ ಮುಂಚಿನ 40 ಸೆಂ.ಮೀ. ಹಳಿಯನ್ನು ಬೇರ್ಪಡಿಸಿ, ಅದಕ್ಕೂ ಕರೆಂಟನ್ನು ಬೋಲ್ಟಿನಿಂದಲೇ ಕೊಡಿ. ಲಿಫ್ಟ್ ಬೇರೆ ಅಂತಸ್ತಿನಲ್ಲಿದ್ದರೆ ಆ ಹಳಿ ಸತ್ತಿರುತ್ತದೆ, ಎಂಜಿನ್ ಅಂಚಿಗೆ ಬರುವ ಮುಂಚೆಯೇ ನಿಲ್ಲುತ್ತದೆ. ರೈಲನ್ನು ಹಿಂದಿನಿಂದ ತಳ್ಳಿಕೊಂಡು ಬಂದರೆ ಮಾತ್ರ ಇದು ಕಾಯುವುದಿಲ್ಲ, ಎಂಜಿನ್ ಹಿಂದಿರುತ್ತದೆ, ಮುಂದಿನ ಬೋಗಿ ಬಿದ್ದಿರುತ್ತದೆ. ಅದಕ್ಕಾಗಿ ಅಂಚಿನಲ್ಲಿ ಒಂದು ಚಿಕ್ಕ ಗೇಟೂ ಇರಲಿ, ಹಲಗೆಯ ಎರಡು ತುದಿಗೆ ತಡೆಯೂ ಇರಲಿ.

ಮೋಟಾರಿನ ಗೊಡವೆ ಬೇಡ ಅನ್ನುವವರಿಗೆ ಕ್ಯಾಸೆಟ್. ಇದು ಎಲ್ಲಕ್ಕಿಂತ ಅಗ್ಗ, ಮಕ್ಕಳಿಗೂ ಇಷ್ಟ. 9 ಮಿ.ಮೀ. ಪ್ಲೈ ಪಟ್ಟಿಯ ಮೇಲೆ ಎರಡು ಅಲ್ಯೂಮಿನಿಯಂ ಎಲ್ ಆಂಗಲ್ ಕೂರಿಸಿ. ನಿಂತ ಬದಿಗಳು ಒಳಗೆ, ಎದುರುಬದುರು, ನಡುವೆ ಎಚ್‌ಓಗೆ 16.5 ಮಿ.ಮೀ., ಎನ್‌ಗೆ 9 ಮಿ.ಮೀ. ಆಂಗಲ್ಲಿನ ಮೇಲಂಚೇ ಹಳಿ. ಲೇಔಟಿನ ತುದಿಯ ಹಳಿಯನ್ನು ಇದರ ಎತ್ತರಕ್ಕೆ ಸರಿಹೊಂದಿಸಿ, ಆ ತುದಿಯ ಹೊರಬದಿಗೆ ಹಿತ್ತಾಳೆಯ ಪಟ್ಟಿ ಹೊಡೆದರೆ ಕ್ಯಾಸೆಟ್ ತಳ್ಳಿದ ಕೂಡಲೇ ಪಟ್ಟಿ ಆಂಗಲನ್ನು ಹಿಡಿದುಕೊಳ್ಳುತ್ತದೆ, ಕರೆಂಟೂ ಬರುತ್ತದೆ. ರೈಲು ಒಳಗೆ ಬಂತು, ಎರಡು ತುದಿಗೆ ಫೋಮ್ ತುಂಡು ಸಿಕ್ಕಿಸಿ, ಎತ್ತಿ ಮೇಲಿಡಿ. ಎನ್ ಸ್ಕೇಲಿನ ಎಂಜಿನ್ನಿಗೆ ಐದು ಬೋಗಿ ಸೇರಿ 90 ಸೆಂ.ಮೀ. ಕ್ಯಾಸೆಟ್ಟಿನಲ್ಲಿ ಹಿಡಿಯುತ್ತದೆ, ಎರಡು ಕೈಯಲ್ಲಿ ಆರಾಮವಾಗಿ ಎತ್ತಬಹುದು. ಎಚ್‌ಓದಲ್ಲಿ 1.2 ಮೀಟರ್ ಮೀರಿದರೆ ಇಬ್ಬರು ಬೇಕು.

ಕೊನೆಯದಾಗಿ ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮುಂಬೈ ಗಾಳಿಯ ತೇವಕ್ಕೆ ಪ್ಲೈ ಉಬ್ಬುತ್ತದೆ, ಹಳಿ ಅದರ ಜೊತೆ ಎಳೆದಾಡುತ್ತದೆ. ಕಮರ್ಷಿಯಲ್ ಪ್ಲೈ ಅಗ್ಗ ಅಂತ ತರಬೇಡಿ, ನೀರು ತಡೆಯುವ ಬಿಡಬ್ಲ್ಯೂಆರ್ ಪ್ಲೈ ತನ್ನಿ, ಸಾಧ್ಯವಾದರೆ ಐಎಸ್ 710 ಗುರುತಿನ ಮರೈನ್ ಪ್ಲೈಯನ್ನೇ ತನ್ನಿ. ಕತ್ತರಿಸಿದ ಅಂಚುಗಳಿಗೆಲ್ಲ, ಕೊರೆದ ತೂತಿಗೂ ಸೇರಿ, ಪ್ರೈಮರ್ ಎರಡು ಕೈ ಹೊಡೆಯಿರಿ. ತೇವ ಒಳಗೆ ಹೋಗುವುದು ಅಂಚಿನಿಂದಲೇ. ತಿರುವಿನಲ್ಲಿ ಹಳಿಯ ಕೀಲಿಗೆ ಬೆಸುಗೆ ಹಾಕಿ, ನೇರ ಭಾಗದಲ್ಲಿ ಮಾತ್ರ ಅರ್ಧ ಮಿಲಿಮೀಟರ್ ಸಂದು ಬಿಡಿ. ಒಂದು ಮೀಟರ್ ಹಳಿ 20 ಡಿಗ್ರಿ ಬಿಸಿಯೇರಿದರೆ ಹಿಗ್ಗುವುದು ಸುಮಾರು ಮೂರನೇ ಒಂದು ಮಿಲಿಮೀಟರ್, ಉಳಿದ ಎಳೆದಾಟವೆಲ್ಲ ಮರದ್ದು. ಏರಿನ ಹಳಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಆಗಾಗ ಒರೆಸಿ, ಎಂಜಿನ್ ಚಕ್ರವನ್ನೂ ಒರೆಸಿ. ಒಂದು ಹನಿ ಎಣ್ಣೆ ಬಿದ್ದರೂ ಹಲಗೆ ಪರೀಕ್ಷೆಯಲ್ಲಿ ಪಾಸಾದ ಎಂಜಿನ್ ನಿಂತಲ್ಲೇ ಚಕ್ರ ತಿರುಗಿಸುತ್ತಿರುತ್ತದೆ. ಮಳೆ ಮುಗಿದು ಅಕ್ಟೋಬರ್ ಬಿಸಿಲು ಬಂದ ಮೇಲೆ ರಸಮಟ್ಟ ಹಿಡಿದು ಪ್ರತಿ ಸುತ್ತನ್ನೂ ಮತ್ತೊಮ್ಮೆ ನೋಡಿ, ಸಡಿಲವಾದ ನಟ್ಟು ಬಿಗಿ ಮಾಡಿ, ಲಿಫ್ಟ್ ಇದ್ದವರು ಟವರ್ ಬೋಲ್ಟು ತಡೆಯಿಲ್ಲದೆ ಒಳಗೆ ಹೋಗುತ್ತದೆಯೇ ಅಂತ ಎರಡೂ ಅಂತಸ್ತಿನಲ್ಲಿ ಪರೀಕ್ಷಿಸಿ.